ಬೆಳಿಗ್ಗೆ ಮಾತ್ರ ಶಾಕ್ ಹೊಡೆಯುತ್ತಿದ್ದ ಪ್ಲಗ್ಗು

ಕೊರೊನಾ ಮುಗಿದು ಜನ ಮುಖಕ್ಕೆ ಬಟ್ಟೆ ಕಟ್ಟುವುದು ಬಿಟ್ಟ ವರ್ಷ. ಆಗ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇದ್ದುಕೊಂಡು ಮನೆ ಮನೆಯ ಕರೆಂಟ್ ಕೆಲಸ ಮಾಡುತ್ತಿದ್ದೆ. ಹೆಸರು ಹುಲಿಗೆಮ್ಮ. ಓದಿದ್ದು ಮೂರನೇ ಕ್ಲಾಸು. ಗಂಡ ವೈರ್‌ಮನ್ ಇದ್ದ. ಕಂಬದಿಂದ ಬಿದ್ದು ಸತ್ತ ಅಂತ ಜನ ತಿಳಿದಿದ್ದಾರೆ. ಅಲ್ಲ, ಕುಡಿದು ಸತ್ತ. ಅವನ ಜೊತೆ ಗೋಡೆ ಕೊರೆದು, ಪೈಪಿನೊಳಗೆ ವೈರು ಎಳೆದು, ಅವನು ಏಳಲಾಗದ ದಿನ ಬೋರ್ಡನ್ನೂ ಕಟ್ಟಿ ನಾನು ಕೆಲಸ ಕಲಿತೆ. ಅವನು ಹೋದ ಮೇಲೆ ಚೀಲ ನನ್ನ ಹೆಗಲಿಗೆ ಬಂತು.

ಹೆಂಗಸು ಕರೆಂಟ್ ಕೆಲಸ ಮಾಡುತ್ತಾಳೆ ಅಂದರೆ ನಗುವವರಿದ್ದರು, ಕರೆಯುವವರೂ ಇದ್ದರು. ಗಂಡಸರು ಇಲ್ಲದ ಹೊತ್ತಿನಲ್ಲಿ ಪರಗಂಡಸನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳದ ಮನೆಗಳು ಕುರುಗೋಡು, ಮೋಕ ಕಡೆ ಬಹಳ. ಅಂಥವರಿಗೆ ನಾನು ಬೇಕು. ನಮ್ಮದು ಬುದ್ಧನ ಫೋಟೋ ಹಾಕಿದ ಮನೆ, ಅಂದರೆ ಯಾವ ಕೇರಿ ಅಂತ ಎಲ್ಲರಿಗೂ ತಿಳಿಯುತ್ತದೆ. ಕರೆಂಟ್ ಕೆಟ್ಟಾಗ ನಾನು ಅಡುಗೆಮನೆಯೊಳಗೆ ಬರಬಹುದು. ಕೆಲಸ ಮುಗಿದ ಮೇಲೆ ನಾನು ನಿಂತ ಜಾಗ ತೊಳೆಯುತ್ತಾರೆ. ತೊಳೆದುಕೊಳ್ಳಲಿ. ನೀರು ಅವರದು, ಸೊಂಟ ಅವರದು.

ಸಂಕ್ರಾಂತಿ ಆದ ವಾರ ಕುರುಗೋಡಿನಿಂದ ಶಾರದಮ್ಮ ಫೋನ್ ಮಾಡಿದಳು. ಅವಳ ಮಗ ಬಸವರಾಜ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇಟ್ಟಿದ್ದ. ಮನೆಯಲ್ಲಿ ಅವಳು, ಮಗ, ಸೊಸೆ, ಮೂರೇ ಜನ.

"ಅಡಿಗಿ ಮನ್ಯಾಗ ಗ್ರೈಂಡರ್ ಹಾಕೋ ಪ್ಲಗ್ಗು ಶಾಕ್ ಹೊಡಿತೈತಿ ಅಂತ ಸೊಸಿ ನಾಟಕ ಹಚ್ಯಾಳ. ಬಂದು ನೋಡಿ, ಏನೂ ಇಲ್ಲ ಅಂತ ಹೇಳಿ ಹೋಗು," ಅಂದಳು.

ನೋಡುವ ಮೊದಲೇ ಏನು ಹೇಳಬೇಕು ಅಂತ ಹೇಳಿಕೊಟ್ಟ ಗಿರಾಕಿ ಅವಳೊಬ್ಬಳೇ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋದೆ. ಕಡಪ ಕಲ್ಲಿನ ನೆಲ, ಕರಿ ಗ್ರಾನೈಟ್ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ದೊಡ್ಡ ಸ್ಟೀಲ್ ಗ್ರೈಂಡರು. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದೆ. ಒಂದು ಸ್ಕ್ರೂ ಸಡಿಲ ಇತ್ತು, ಅದನ್ನು ಬಿಗಿ ಮಾಡಿದೆ. ವೈರು ಸುಟ್ಟಿರಲಿಲ್ಲ, ಕಪ್ಪಾಗಿರಲಿಲ್ಲ. ಮೇನ್ ಹಾಕಿ ಟೆಸ್ಟರ್ ಹಿಡಿದೆ. ಟೆಸ್ಟರ್ ಅಂದರೆ ಒಳಗೆ ಸಣ್ಣ ದೀಪ ಇರುವ ಸ್ಕ್ರೂಡ್ರೈವರ್. ಕರೆಂಟ್ ಇದ್ದರೆ ಹತ್ತುತ್ತದೆ. ಪ್ಲಗ್ಗಿನ ಫೇಸ್ ತೂತಿನಲ್ಲಿ, ಅಂದರೆ ಕರೆಂಟ್ ಬರುವ ತೂತಿನಲ್ಲಿ, ಹತ್ತಿತು. ಅದು ಹತ್ತಲೇಬೇಕು. ಗ್ರೈಂಡರಿನ ಮೈಗೆ ಹಿಡಿದರೆ ಹತ್ತಲಿಲ್ಲ. ಗ್ರೈಂಡರ್ ಓಡಿಸಿ ಹಿಡಿದೆ, ಆಗಲೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ. ಬರಿಗಾಲಲ್ಲೇ ಅಂಗೈ ಹಿಂಬದಿಯಿಂದ ಮುಟ್ಟಿದೆ. ಏನೂ ಇಲ್ಲ.

"ನೋಡಿದ್ಯಾ?" ಅಂದಳು ಶಾರದಮ್ಮ. "ಮೊನ್ನೆ ಮಧ್ಯಾಹ್ನ ನಾನ ಆಕಿ ಕೈ ಹಿಡಿದು ಇದರ ಮ್ಯಾಗ ಒತ್ತಿ ಇಟ್ಟೆ. ಏನಾತು? ಏನೂ ಆಗ್ಲಿಲ್ಲ. ಮುಂಜಾನಿ ಮಾತ್ರ ಅಯ್ಯೋ ಅಂತಾಳ. ಹಿಟ್ಟೆಲ್ಲಾ ಚೆಲ್ಲಿದ್ಲು. ಅದನ್ನ ಬಳಿಸಿ, ಮತ್ತ ಅಕ್ಕಿ ನೆನೆಹಾಕಿಸಿ, ಒಳಕಲ್ಲಿನಾಗ ಕೈಲೇ ರುಬ್ಬಿಸಿದೆ. ಕೈಯಾಗ ಗುಳ್ಳಿ ಬಂದ್ವು. ಬರ್ಲಿ, ಆವಾಗಾದ್ರ ನಾಟಕ ಬಿಡ್ತಾಳ ಅಂತ. ಬಿಡ್ಲಿಲ್ಲ."

ಸೊಸೆ ಅನ್ನಪೂರ್ಣ ಬಾಗಿಲ ಬಳಿ ನಿಂತಿದ್ದಳು. ಸಿರುಗುಪ್ಪ ತಾಲೂಕಿನ ಕರೂರಿನ ಹುಡುಗಿ. ಮದುವೆಯಾಗಿ ಎರಡು ವರ್ಷ. ಅಂಗೈ ಮಡಚಿಕೊಂಡು ನಿಂತಿದ್ದಳು, ಎಡಗೆನ್ನೆಯ ಮೇಲೆ ಹಸಿರುಗಟ್ಟಿತ್ತು. ಅದು ಕರೆಂಟಿನಿಂದ ಬಂದದ್ದಲ್ಲ ಅಂತ ನನಗೆ ಗೊತ್ತಾಗುತ್ತದೆ, ನಾನೂ ಕುಡುಕನ ಜೊತೆ ಬಾಳಿದವಳು.

"ಭಾನುವಾರ ಆಕಿ ಅಪ್ಪನ್ನ ಕರಸೀವಿ," ಅಂದಳು ಶಾರದಮ್ಮ. "ಗೌಡ್ರೂ ಬರ್ತಾರ. ನೀನೂ ಬಾ. ಪ್ಲಗ್ಗಿನಾಗ ಏನೂ ಇಲ್ಲ ಅಂತ ಅವರ ಮುಂದ ಹೇಳು. ತಲಿ ಕೆಟ್ಟೋಳನ್ನ ನಮಗ ಕಟ್ಯಾರ ಅಂತ ಆಗ್ತೈತಿ. ಅವತ್ತ ಕಳಿಸಿಬಿಡ್ತೀವಿ."

ಗೌಡರು ಅಂದರೆ ಆ ಬೀದಿಯ ಹಿರಿಯ, ಎರಡೂ ಕಡೆಯವರಿಗೆ ಬೇಕಾದವರು, ಮದುವೆ ಮಾತಾಡಿಸಿದವರು.

ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಒಳಗೆ ನೆಲಕ್ಕೆ ನೀರು ಹಾಕಿದ ಸದ್ದು ಕೇಳಿತು. ಅದನ್ನು ತೊಳೆಯಬೇಕಾದವಳೂ ಆ ಹುಡುಗಿಯೇ. ಕೊಳೆ ನೀರು ಚೆಲ್ಲುವ ನೆವದಲ್ಲಿ ಬಕೆಟ್ ಹಿಡಿದು ಗೇಟಿನ ತನಕ ಬಂದಳು.

"ಮುಂಜಾನಿ ಮಾತ್ರ ಹೊಡಿತೈತೇನವ್ವ?" ಅಂತ ಕೇಳಿದೆ.

"ಹೂಂ ಅಮ್ಮಾ. ಹೊತ್ತು ಏರಿದ ಮ್ಯಾಲೆ ಇರಂಗಿಲ್ಲ. ದೀಪಾವಳಿ ಆದ ಮ್ಯಾಲೆ ಚಾಲೂ ಆತು." ಹಿಂದೆ ತಿರುಗಿ ನೋಡಿದಳು. "ಭಾನುವಾರ ಏನೂ ಇಲ್ಲ ಅಂತ ಹೇಳಿಬಿಡ್ರಿ. ಕಾಲಿಗೆ ಬೀಳ್ತೀನಿ."

"ಹುಚ್ಚಿ ಅಂತ ಮುದ್ರಿ ಒತ್ತಿ ಕಳಿಸ್ತಾರ."

"ಒತ್ಲಿ. ಕಳಿಸ್ತಾರಲ್ಲ. ನನ್ನ ಫೋನ್ ಕಸಗೊಂಡಾರ. ಹಿತ್ತಲ ಬಾಗ್ಲಕ್ಕ ಬೀಗ ಹಾಕ್ಯಾರ. ಹುಚ್ಚಿ ಅನ್ನಿಸ್ಕೊಂಡ್ರೂ ಹೊರಗ ಇರ್ತೀನಿ."

"ನಾ ಏನೂ ಇಲ್ಲ ಅಂತ ಹೇಳೋದು, ಮರುದಿನ ಮುಂಜಾನಿ ನೀ ಮುಟ್ಟಿ ಸಾಯೋದು. ಆವಾಗ?"

"ಸತ್ರ ಅದೂ ಹೊರಗ ಹೋದಂಗನ," ಅಂದು ಬಕೆಟ್ ಮಗುಚಿ ಒಳಗೆ ಹೋದಳು.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಹುಡುಗಿಯ ಬಗ್ಗೆ ಅಲ್ಲ, ಪ್ಲಗ್ಗಿನ ಬಗ್ಗೆ. ಹೊತ್ತು ನೋಡಿ ಹೊಡೆಯುವ ಶಾಕ್ ಆ ಪ್ಲಗ್ಗಿನದಾಗಿರುವುದಿಲ್ಲ. ಮನೆಯಲ್ಲಿ ಬೇರೆ ಯಾವುದೋ ಸಾಮಾನು ಆ ಹೊತ್ತಿಗೆ ಓಡುತ್ತಿರುತ್ತದೆ. ಮಧ್ಯಾಹ್ನ ಅದು ಬಂದ್ ಇರುತ್ತದೆ, ನನ್ನ ಟೆಸ್ಟರಿಗೆ ಸಿಗುವುದಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಕುರುಗೋಡಿಗೆ ಹೋದೆ. ಪಡಸಾಲೆಯಲ್ಲಿ ಗೌಡರು ಕುರ್ಚಿಯ ಮೇಲಿದ್ದರು. ಹುಡುಗಿಯ ಅಪ್ಪ ಹಿಂದಿನ ದಿನವೇ ಬಂದು ಉಳಿದಿದ್ದ. ಟವೆಲ್ ಮಡಿಲಲ್ಲಿ ಇಟ್ಟುಕೊಂಡು ಜಮಖಾನದ ಅಂಚಿನಲ್ಲಿ ಕೂತಿದ್ದ. ಬಸವರಾಜ ಬಚ್ಚಲಿಗೆ ಸ್ನಾನಕ್ಕೆ ಹೋಗಿದ್ದ. ನಾನು ಯಾರನ್ನೂ ಮಾತಾಡಿಸದೆ ಸೀದಾ ಅಡುಗೆಮನೆಗೆ ಹೋಗಿ ಗ್ರೈಂಡರಿನ ಮೈಗೆ ಟೆಸ್ಟರ್ ಹಿಡಿದೆ.

ಹತ್ತಿತು.

ಗ್ರೈಂಡರಿನ ಪಿನ್ ಕಿತ್ತು ಬರಿ ಪ್ಲಗ್ಗನ್ನು ನೋಡಿದೆ. ಮೇಲಿನ ದೊಡ್ಡ ತೂತು ಅರ್ಥಿಂಗಿನದು, ಅದರಲ್ಲಿ ಕರೆಂಟ್ ಇರಲೇಬಾರದು. ಅಲ್ಲಿಯೂ ಹತ್ತಿತು. ಹಾಗಾದರೆ ಗ್ರೈಂಡರ್ ಚೆನ್ನಾಗಿದೆ, ಮನೆಯ ಅರ್ಥಿಂಗ್ ವೈರಿನಲ್ಲೇ ಕರೆಂಟ್ ಹರಿಯುತ್ತಿದೆ ಅಂತ ಆಯಿತು. ಬಚ್ಚಲ ಹೊರಗಿನ ಬೋರ್ಡಿನಲ್ಲಿ ಗೀಜರಿನ ಕೆಂಪು ದೀಪ ಉರಿಯುತ್ತಿತ್ತು. ಸ್ವಿಚ್ ಆರಿಸಿದೆ. ಟೆಸ್ಟರ್ ಆರಿತು. ಹಾಕಿದೆ, ಹತ್ತಿತು. ಒಳಗಿನಿಂದ ಬಸವರಾಜ ಕೂಗಿದ: "ಯಾವಳಲೇ ಅದು ಗೀಜರ್ ಆರಿಸಾಕಿ?"

ಓದುವವರಿಗೆ ತಿಳಿಯಲಿ ಅಂತ ಹೇಳುತ್ತೇನೆ. ಗೀಜರಿನ ಒಳಗೆ ನೀರು ಕಾಯಿಸುವ ರಾಡು ಒಡೆದಿತ್ತು, ಕರೆಂಟ್ ಅದರ ಮೈಗೆ ಸೋರುತ್ತಿತ್ತು. ಬಚ್ಚಲಲ್ಲಿ ಪೈಪು, ನಲ್ಲಿ, ಬಕೆಟ್ ಎಲ್ಲ ಪ್ಲಾಸ್ಟಿಕ್. ಅಲ್ಲಿ ಅವನಿಗೆ ಗೊತ್ತಾಗಲಿಲ್ಲ. ಸೋರಿದ ಕರೆಂಟ್ ಮನುಷ್ಯನ ಮೈಗೆ ಬರದೆ ಮಣ್ಣಿಗೆ ಹೋಗಲಿ ಅಂತಲೇ ಅರ್ಥಿಂಗ್ ಇರುವುದು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ಕಬ್ಬಿಣದ ಪೈಪು ಹೂತು, ಮನೆಯ ಅರ್ಥಿಂಗ್ ವೈರನ್ನು ಅದಕ್ಕೆ ಬಿಗಿದಿರುತ್ತಾರೆ. ಗುಂಡಿ ಹಸಿ ಇದ್ದರೆ ಕರೆಂಟನ್ನು ನುಂಗುತ್ತದೆ. ನಮ್ಮ ಕಡೆಯ ಮಣ್ಣಿಗೆ ನೀರು ಹಾಕದಿದ್ದರೆ ಗುಂಡಿ ಒಣಗಿ ಇದ್ದೂ ಇಲ್ಲದಂತೆ. ಆಗ ಗೀಜರಿನಲ್ಲಿ ಸೋರಿದ್ದು ಅದೇ ವೈರು ಹಿಡಿದು ತಿರುಗಿ ಬಂದು ಅಡುಗೆಮನೆಯ ಗ್ರೈಂಡರಿನ ಮೈಯಲ್ಲಿ ಕೂರುತ್ತದೆ. ಒದ್ದೆ ಕೈ, ಕಲ್ಲು ನೆಲ, ಬರಿಗಾಲು. ಇಷ್ಟು ಸಾಕು.

"ಅರ್ಥಿಂಗ್ ಗುಂಡಿ ಎಲ್ಲೈತ್ರಿ?" ಅಂತ ಕೇಳಿದೆ.

"ಹಿತ್ತಲದಾಗ," ಅಂದಳು ಶಾರದಮ್ಮ. ಕೀಲಿ ಅವಳ ಸೊಂಟದಲ್ಲಿತ್ತು. ತೆಗೆಯಲು ಮನಸ್ಸಿರಲಿಲ್ಲ. ಗೌಡರು "ತೆಗಿಯಮ್ಮ" ಅಂದಮೇಲೆ ತೆಗೆದಳು.

ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲು, ಅದರ ಬುಡದಲ್ಲೇ ಗುಂಡಿ. ಮನೆ ಕಟ್ಟಿದವನು ಬುದ್ಧಿವಂತ. ಪಾತ್ರೆ ತೊಳೆದ ನೀರು, ಅನ್ನ ಬಸಿದ ಗಂಜಿ ಎಲ್ಲ ದಿನಾ ತಾನಾಗಿಯೇ ಗುಂಡಿಗೆ ಬೀಳುವಂತೆ ಮಾಡಿದ್ದ. ಈಗ ಕಲ್ಲಿನ ಮೇಲೆ ಬೇವಿನೆಲೆ ಬಿದ್ದು ಧೂಳಾಗಿತ್ತು. ಗುಂಡಿಯ ಮಣ್ಣು ಬಾಯಿ ಬಿಟ್ಟಿತ್ತು.

"ಇಲ್ಲಿ ಪಾತ್ರಿ ತೊಳಿಯೋದು ಯಾವಾಗ ಬಿಟ್ರಿ?"

ಹೇಳಿದವಳು ಅನ್ನಪೂರ್ಣ. ದಸರೆಯಲ್ಲಿ ಪಕ್ಕದ ಮನೆಯವಳ ಫೋನಿನಿಂದ ಗೋಡೆಯ ಮೇಲಿಂದ ಅವ್ವನ ಜೊತೆ ಮಾತಾಡಿದ್ದು ಅತ್ತೆಗೆ ತಿಳಿಯಿತು. ಅವತ್ತೇ ಬೀಗ ಬಿತ್ತು. ಅಲ್ಲಿಂದ ಪಾತ್ರೆ ಎಲ್ಲ ಒಳಗಿನ ಸಿಂಕಿನಲ್ಲಿ, ನೀರೆಲ್ಲ ಬೀದಿಯ ಚರಂಡಿಗೆ.

ಎಲ್ಲರ ಕಣ್ಣಿಗೂ ಕಾಣಲಿ ಅಂತ ನಾನು ನೂರು ಕ್ಯಾಂಡಲಿನ ಬಲ್ಬಿಗೆ ಎರಡು ವೈರು ಕಟ್ಟಿ, ಒಂದನ್ನು ಫೇಸಿಗೂ ಇನ್ನೊಂದನ್ನು ಅರ್ಥಿಂಗ್ ಪೈಪಿಗೂ ಹಿಡಿದೆ. ಗುಂಡಿ ಕರೆಂಟ್ ನುಂಗಿದಷ್ಟೂ ಬಲ್ಬು ಜೋರಾಗಿ ಹತ್ತುತ್ತದೆ. ಅದು ಬೀಡಿಯ ಕೆಂಡದಷ್ಟು ಹತ್ತಿತು. ವೈರು ತೆಗೆದು ಗುಂಡಿಗೆ ಬಿಂದಿಗೆ ಬಿಂದಿಗೆ ನೀರು ಸುರಿಸಿದೆ. ಮಣ್ಣು ಸೊರ್ರನೆ ಕುಡಿಯಿತು. ಮತ್ತೆ ಹಿಡಿದೆ. ಬಲ್ಬು ಬೆಳ್ಳಗೆ ಹತ್ತಿತು.

ಪಡಸಾಲೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೀಜರ್ ಸೋರುತ್ತದೆ. ಗುಂಡಿ ಒಣಗಿದೆ. ಬಾಗಿಲಿಗೆ ಬೀಗ ಹಾಕಿದ್ದಕ್ಕೆ ಒಣಗಿದೆ. ಹುಡುಗಿ ಸುಳ್ಳು ಹೇಳಿಲ್ಲ.

"ಮತ್ತ ನನಗ್ಯಾಕ ಹೊಡಿಯಂಗಿಲ್ಲ?" ಅಂತ ಶಾರದಮ್ಮ ಎದ್ದಳು. "ನಾನೂ ಮುಟ್ತೀನಲ್ಲ ದಿನಾ!"

"ನಿಮ್ಮ ಕಾಲು ನೋಡ್ಕೊಳ್ರಿ ಅಮ್ಮಾರ."

ಶುಗರಿನವರು ಮನೆಯೊಳಗೂ ಹಾಕಿಕೊಳ್ಳುವ ಮೆತ್ತನೆಯ ರಬ್ಬರ್ ಚಪ್ಪಲಿ ಅವಳ ಕಾಲಲ್ಲಿತ್ತು. ಸೊಸೆಗೆ ಅಡುಗೆಮನೆಯಲ್ಲಿ ಚಪ್ಪಲಿ ಮೈಲಿಗೆ, ಅತ್ತೆಗೆ ಔಷಧಿ.

"ಗುಂಡಿಗೆ ನೀರು ಹಾಕಿದ್ರೂ ಗೀಜರ್ ಇನ್ನೂ ಒಡದ ಐತಿ," ಅಂದೆ. "ಆ ಚಪ್ಲಿ ಬಿಟ್ಟು ಬಂದು ಮುಟ್ತೀರೇನು?"

ಬಿಡಲಿಲ್ಲ. ಸೆರಗು ಸರಿ ಮಾಡಿಕೊಂಡು ಕೂತಳು. ಅಂದರೆ ಅವಳಿಗೆ ಅರ್ಧ ಗೊತ್ತಿತ್ತು.

ಗೌಡರು ಗಂಟಲು ಸರಿಮಾಡಿಕೊಂಡರು. "ಚಲೋ ಆತು ಬಿಡ್ರಿ. ಹುಡುಗಿ ತಲಿ ಸರಿ ಐತಿ ಅಂತಾತು. ಕಳಿಸೋ ಮಾತ ಇಲ್ಲ ಇನ್ನ. ಬಾಳೇವು ಮಾಡ್ಲಿ."

ಅಪ್ಪನ ಮುಖ ಅರಳಿತು. ಟವೆಲಿನಿಂದ ಕಣ್ಣು ಒರೆಸಿಕೊಂಡ. ಬಾಗಿಲ ಸಂದಿಯಲ್ಲಿ ನಿಂತ ಅನ್ನಪೂರ್ಣ ನನ್ನನ್ನು ನೋಡಿದಳು. ಹೊಡೆದ ಗಂಡನ ಕಡೆಗೂ ಅವಳು ಹಾಗೆ ನೋಡಿರಲಿಕ್ಕಿಲ್ಲ. ಇರಲಿ, ಇನ್ನೊಂದು ಮಾತಿದೆ ಅಂದುಕೊಂಡೆ.

"ಗೀಜರ್ ಇವತ್ತ ರಿಪೇರಿ ಮಾಡ್ತೀನಿ," ಅಂದೆ. "ಗುಂಡಿಗೆ ಮಾತ್ರ ದಿನಾ ನೀರು ಬೀಳಬೇಕು. ಹಿತ್ತಲ ಬಾಗ್ಲಾ ದಿನಾ ತೆಗಿಬೇಕು."

"ಬಾಗ್ಲಾ ತೆಗಿಯಂಗಿಲ್ಲ," ಅಂದಳು ಶಾರದಮ್ಮ.

ಗೌಡರು ಮೇಲಿನ ಫ್ಯಾನು ನೋಡಿದರು. ಆಗ ಹುಡುಗಿಯ ಅಪ್ಪ ಕೂತಲ್ಲಿಂದ ಸ್ವಲ್ಪ ಮುಂದೆ ಸರಿದು, ಕೈ ಮುಗಿದಂತೆ ಮಾಡಿ ಹೇಳಿದ:

"ಬೀಗ್ತಿಯರ, ಗ್ವಾಡಿಗೆ ಒಂದು ತೂತು ಮಾಡಿಸಿ ಪೈಪ್ ಹಾಕಿಸಿದ್ರ ಆತಲ್ರಿ. ಸಿಂಕಿನ ನೀರು ಒಳಗಿಂದಾನ ಗುಂಡಿಗೆ ಹೋಗ್ತೈತಿ. ಬಾಗ್ಲಾ ಯಾಕ ತೆಗಿಬೇಕು?"

ಶಾರದಮ್ಮ ಮೊದಲ ಸಲ ಅವನಿಗೆ ಚಹಾ ತರಿಸಿದಳು. ತಂದುಕೊಟ್ಟವಳು ಅನ್ನಪೂರ್ಣ. ಅಪ್ಪ ಲೋಟ ತೆಗೆದುಕೊಳ್ಳುತ್ತಾ, "ನಿನ್ನ ಹಿಂದ ಇನ್ನೂ ಇಬ್ರು ಅದಾರವ್ವ. ನೀ ಬಂದು ಕುಂತ್ರ ಅವರನ್ನ ಯಾರು ಕೇಳ್ತಾರ?" ಅಂದ. ಅವಳು ಲೋಟ ಕೊಟ್ಟು ತಟ್ಟೆ ಹಿಡಿದುಕೊಂಡು ಹೋದಳು.

ಪೈಪ್ ನೀನೇ ಹಾಕು ಅಂದರು. ಹಾಕುವುದಿಲ್ಲ ಅಂದೆ. ಅದೇನು ದೊಡ್ಡಸ್ತಿಕೆ ಅಲ್ಲ, ಮರುದಿನ ಯಾವನೋ ಪ್ಲಂಬರ್ ಬಂದು ಹಾಕಿ ಹೋದ. ನಾನು ಗೀಜರಿನ ರಾಡ್ ಬದಲಿಸಿದೆ. ಮೇನ್ ಬೋರ್ಡಿಗೆ ಆರ್‌ಸಿಸಿಬಿ ಕೂರಿಸಿದೆ. ಎಲ್ಲಾದರೂ ಸ್ವಲ್ಪ ಕರೆಂಟ್ ಸೋರಿದರೂ ಮನೆಯ ಕರೆಂಟನ್ನೆಲ್ಲ ತಟಕ್ಕನೆ ತೆಗೆದುಬಿಡುವ ಪೆಟ್ಟಿಗೆ ಅದು. ಅದರ ಮೇಲೆ ಒಂದು ಸಣ್ಣ ಬಟನ್ ಇರುತ್ತದೆ. ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ತಿಂಗಳಿಗೊಮ್ಮೆ ಒತ್ತಬೇಕು. ಸಂಜೆ ಕೆಲಸ ಮುಗಿದ ಮೇಲೆ ಒತ್ತಿ ತೋರಿಸಿದೆ. ಮನೆ ಕತ್ತಲಾಯಿತು. ಶಾರದಮ್ಮ "ಏ, ಸೀರಿಯಲ್ ಹೋತು!" ಅಂತ ಒಳಗಿನಿಂದ ಕೂಗಿದಳು. ಪಕ್ಕದಲ್ಲಿ ನಿಂತು ನೋಡಿದವಳು ಅನ್ನಪೂರ್ಣ ಒಬ್ಬಳೇ.

ಯುಗಾದಿ ಆದ ಮೇಲೆ ಮತ್ತೆ ಫೋನ್ ಬಂತು. ಸಂಜೆಯಾದರೆ ಕರೆಂಟ್ ಬೀಳುತ್ತದೆ, ಪೆಟ್ಟಿಗೆಯ ಸ್ವಿಚ್ ಎತ್ತಿದರೆ ಬರುತ್ತದೆ, ಇನ್ನೊಂದು ದಿನ ಬೆಳಿಗ್ಗೆ ಬೀಳುತ್ತದೆ. ಬಸವರಾಜ ಮೊಬೈಲಿನಲ್ಲಿ ಗಿರಾಕಿ ಜೊತೆ ಮಾತಾಡುತ್ತಿದ್ದರೆ ವೈಫೈ ಹೋಗುತ್ತದೆ. ಮನೆಯವರು ಹೊರಗೆ ಹೋದಾಗ ಕರೆಂಟ್ ಬಿದ್ದು, ಫ್ರಿಜ್ಜಿನಲ್ಲಿಟ್ಟ ಶಾರದಮ್ಮನ ಇನ್ಸುಲಿನ್ ಸೆಕೆಗೆ ಎರಡು ಸಲ ಕೆಟ್ಟಿತ್ತು. ಒಂದು ಸಂಜೆ ಕತ್ತಲಲ್ಲಿ ಅವಳು ಹೊಸಲು ಎಡವಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು.

ಎಲ್ಲ ಬಿಚ್ಚಿ ನೋಡಿದೆ. ಗೀಜರ್, ಗ್ರೈಂಡರ್, ಮೋಟರ್, ಒಂದೊಂದೇ ವೈರು. ಸೋರಿಕೆ ಎಲ್ಲಿಯೂ ಇಲ್ಲ. ಕೊನೆಗೆ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದೆ. ಸಣ್ಣ ಬಟನ್ನಿನ ಮೇಲೆ ದೋಸೆಹಿಟ್ಟು ಒಣಗಿ ಬೆಳ್ಳಗೆ ಅಂಟಿತ್ತು. ಬೆರಳಿನ ಗುರುತು.

ಅನ್ನಪೂರ್ಣ ಹಿಂದೆ ನಿಂತಿದ್ದಳು. "ಹೇಳ್ತೀರೇನು?" ಅಂದಳು.

"ಮುದುಕಿ ಕೈ ಮುರದೈತಿ."

"ನೋಡೀನಿ. ದಿನಾ ನಾನ ಉಣ್ಣಸ್ತೀನಿ."

ಅವಳ ದನಿಯಲ್ಲಿ ಬೇಜಾರು ಇರಲಿಲ್ಲ. ಸಂತೋಷ ಇತ್ತು. ನನಗೆ ಅದು ಕೇಳಿಸಿತು.

ಸೆರಗಿನ ತುದಿ ಒದ್ದೆ ಮಾಡಿ ಬಟನ್ ಒರೆಸಿದೆ. ಪಡಸಾಲೆಗೆ ಬಂದು, "ಏನೈತಿ ಅಂತ ನನಗ ಸಿಗವಲ್ದು," ಅಂದೆ.

"ಸಿಗವಲ್ದ?" ಅಂದ ಬಸವರಾಜ. "ಅವತ್ತ ಗೌಡ್ರ ಮುಂದ ಬಲ್ಬ್ ಹಚ್ಚಿ ನಮ್ಮ ಮಾನ ತೆಗದಿ. ಇವತ್ತ ಕಣ್ಣು ಕಾಣವಲ್ವಾ? ಕೈಲಾಗದಿದ್ರ ಮನ್ಯಾಗ ಕುಂದ್ರು ಮುದುಕಿ."

"ಕೇರಿಯೋರನ್ನ ಒಳಗ ಕರದ್ರ ಇನ್ನೇನಾಗ್ತೈತಿ," ಅಂದಳು ಶಾರದಮ್ಮ, ಕೊರಳಿಗೆ ತೂಗುಬಿಟ್ಟ ಕೈಯನ್ನು ನೋಡಿಕೊಳ್ಳುತ್ತಾ.

ಕುರುಗೋಡಿನಲ್ಲಿ ಆಮೇಲೆ ನನ್ನನ್ನು ಕರೆದವರು ಕಡಿಮೆ. ಅವಳು ಬೀದಿ ತುಂಬ ಹೇಳಿದ್ದಳು. ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯನ್ನೇ ಬದಲಿಸಿದನಂತೆ. ಹೊಸದಕ್ಕೂ ಬಟನ್ ಇರುತ್ತದೆ. ಕೊನೆಗೆ ಹುಡುಗಿಯನ್ನು ತಂಗಿಯ ನಿಶ್ಚಯಕ್ಕೆ ಅಂತ ಕರೂರಿಗೆ ಕಳಿಸಿದಾಗ ಒಂದು ಸಲವೂ ಕರೆಂಟ್ ಬೀಳಲಿಲ್ಲ. ಅದನ್ನು ಶಾರದಮ್ಮನೇ ಕಂಡುಹಿಡಿದಳು. ಸೊಸೆಯ ಕಾಲ್ಗುಣ ಸರಿ ಇಲ್ಲ, ಅವಳು ಇದ್ದಲ್ಲಿ ದೀಪ ನಿಲ್ಲುವುದಿಲ್ಲ ಅಂತ ಗೌಡರಿಗೆ ಹೇಳಿದಳು. ಗುಂಡಿ, ಗೀಜರ್, ಬಲ್ಬು ಎಲ್ಲ ಕಣ್ಣಾರೆ ನೋಡಿದ್ದ ಗೌಡರು ಇದನ್ನು ಒಂದು ಮಾತೂ ಕೇಳದೆ ನಂಬಿದರು. ಹುಡುಗಿಯನ್ನು ತಿರುಗಿ ಕರೆಸಿಕೊಳ್ಳಲಿಲ್ಲ. ಆ ಮಾತು ಕೇಳಿ ತಂಗಿಯ ನಿಶ್ಚಯವೂ ಮುರಿಯಿತು.

ಭತ್ತದ ನಾಟಿಯ ಕಾಲಕ್ಕೆ ನಾನು ಸಿರುಗುಪ್ಪದಲ್ಲಿ ಒಂದು ಮನೆಯ ವೈರಿಂಗ್ ಹಿಡಿದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕರೂರು ಕಡೆಯ ನಾಟಿ ಹೆಂಗಸರ ಗುಂಪಿನಲ್ಲಿ ಅನ್ನಪೂರ್ಣ ಕೂತಿದ್ದಳು. ಕಪ್ಪಾಗಿದ್ದಳು, ಕಾಲಿನ ಬೆರಳ ಸಂದು ಕೆಸರಿಗೆ ಒಡೆದಿತ್ತು. ಉಳಿದವರು ಒಂದು ಕಡೆ ಬುತ್ತಿ ಬಿಚ್ಚಿದ್ದರು, ಇವಳು ಬೇರೆ.

"ಅಪ್ಪ ಮಾತಾಡ್ಸಂಗಿಲ್ಲ," ಅಂದಳು. "ತಂಗಿ ಮಾರಿ ಸೈತ ನೋಡಂಗಿಲ್ಲ. ಹೊಲದಾಗ ಪಂಪ್‌ಸೆಟ್ ಹತ್ರ ಹೋದ್ರ, ಏ ಆಕಿನ್ನ ದೂರ ಕಳಸ್ರಿ, ಮೋಟರ್ ಸುಡ್ತೈತಿ ಅಂತಾರ."

"ಮತ್ತ ಹೆಂಗೈತಿ?"

"ಚಲೋ ಐತಿ," ಅಂದಳು. ಸುಳ್ಳು ಹೇಳಿದಂತೆ ಕಾಣಲಿಲ್ಲ. ಬುತ್ತಿ ಬಿಚ್ಚುತ್ತಾ ತಾನೇ ಹೇಳಿದಳು: "ಅಲ್ಲಿಗೆ ಹೊಸಾಕಿ ಬರ್ತಾಳಂತ. ಮಾತುಕತಿ ಆಗೈತಂತ."

"ಬರೋ ಹುಡುಗಿಗೆ ಯಾರಾದ್ರೂ ಹೇಳಿದ್ರ ಚಲೋ."

"ನನಗ ಯಾರು ಹೇಳಿದ್ರು?" ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡಳು. "ಬರ್ಲಿ. ಆಕಿನೂ ನೋಡ್ಲಿ."

ಅವಳ ಬಸ್ಸು ಬಂತು, ಹತ್ತಿ ಹೋದಳು. ನನಗೆ ಕೈ ಮುಗಿಯಲಿಲ್ಲ, ಮುಗಿಯಬೇಕಾದ್ದೂ ಇರಲಿಲ್ಲ.

ಈ ಕೆಲಸ ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ. ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಬಾಯಿಬಿಟ್ಟು ಹೇಳಿದರೆ ಕೆಲಸ ಮುಗಿಯಿತು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಮುಗಿಯುವುದಿಲ್ಲ. ನೀವು ಹೇಳಿದ ಮಾತನ್ನು ಇಟ್ಟುಕೊಂಡು ಆ ಮನೆಯವರು ಯಾರನ್ನು ಏನು ಮಾಡುತ್ತಾರೆ ಅನ್ನುವುದೂ ಕೆಲಸದಲ್ಲೇ ಸೇರಿದೆ. ಈಗ ನಾನು ಯಾವ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು ಅಡುಗೆಮನೆಯಲ್ಲಿ ನಿಂತವಳನ್ನು ಕೇಳುತ್ತೇನೆ, ಇದು ರಿಪೇರಿ ಆದರೆ ನಿನಗೇನಾಗುತ್ತದೆ ಅಂತ. ಬಹಳ ಮಂದಿ ನಗುತ್ತಾರೆ. ಯಾರಾದರೂ ನಗದೆ ಬಾಗಿಲ ಕಡೆ ನೋಡಿದರೆ, ಅವತ್ತು ನಾನು ಟೆಸ್ಟರ್ ಮರೆತು ಬಂದಿದ್ದೇನೆ ಅಂತ ಹೇಳಿ ಹೊರಗೆ ಕೂತು ಮೊದಲು ಅವಳ ಮಾತು ಕೇಳುತ್ತೇನೆ.